ಆಟೋಮ್ಯಾಟಿಕ್ ಕಾರಿಗೆ ಟರ್ಬೊ ಒಳ್ಳೆಯದೋ, ಸೂಪರ್‌ಚಾರ್ಜರ್ ಒಳ್ಳೆಯದೋ?

ನೀವು ಕೇಳಿದ್ದು ಇಷ್ಟು: ಊರು ಮುಧೋಳ. ಗಾಡಿ 1.5 ಲೀಟರ್ ಪೆಟ್ರೋಲ್, 4 ಗೇರಿನ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರುಗಳಿಗೆ ದಾಟಿಸುವ) ಆಟೋಮ್ಯಾಟಿಕ್. ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ದಾಟಲು ಪಿಕಪ್ ಸಾಲುವುದಿಲ್ಲ. ಹೊರಗಿನಿಂದ ಟರ್ಬೊ ಹಾಕಿಸಲೋ, ಸೂಪರ್‌ಚಾರ್ಜರ್ ಹಾಕಿಸಲೋ?

ಎರಡರಲ್ಲಿ ಒಂದು ಅಂದರೆ ಟರ್ಬೊ. ಆದರೆ ಈ ಗಾಡಿಗೆ ಹಾಕಿಸಬೇಡಿ. ದುಡ್ಡಿದ್ದರೆ ಕಂಪನಿಯಿಂದಲೇ ಟರ್ಬೊ ಇರುವ ಆಟೋಮ್ಯಾಟಿಕ್ ತಗೊಳ್ಳಿ. ನಾನು ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುವವನು, ಓಡಿಸುವುದೂ ಆಟೋಮ್ಯಾಟಿಕ್ಕೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಎರಡೂ ಮಾಡುವ ಕೆಲಸ ಒಂದೇ, ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವುದು. ಸೂಪರ್‌ಚಾರ್ಜರ್‌ ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಗೆ ಬೆಲ್ಟ್ ಕಟ್ಟಿಕೊಂಡು ತಿರುಗುತ್ತದೆ. ಕಾಲಿಟ್ಟ ಕೂಡಲೇ ಎಳೆಯುತ್ತದೆ, ಆದರೆ ತಾನು ತಿರುಗಲು ಇಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ. ಟರ್ಬೊ ತಿರುಗುವುದು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ, ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು. ಹೊಗೆಯ ರಭಸ ಏರುವವರೆಗೆ ಸ್ವಲ್ಪ ಕಾಯಬೇಕು. ಅದೇ ಲ್ಯಾಗ್.

ಈ ಲ್ಯಾಗ್ ಹೆಸರು ಹೇಳಿಯೇ ಎಲ್ಲರೂ ಸೂಪರ್‌ಚಾರ್ಜರ್ ಹೊಗಳುವುದು. ಮ್ಯಾನುವಲ್‌ನಲ್ಲಿ ಆ ಮಾತಿಗೆ ತೂಕ ಇದೆ. ಗೇರ್ ಬದಲಿಸುವಾಗೆಲ್ಲ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೀರಿ, ಬೂಸ್ಟ್, ಅಂದರೆ ಒತ್ತಿ ತುಂಬುವ ಗಾಳಿಯ ಒತ್ತಡ, ಇಳಿಯುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಕಾಲು ತೆಗೆಯುವ ಮಾತೇ ಇಲ್ಲ ಅಲ್ವಾ? ಮೇಲಾಗಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಜೋರಾಗಿ ಒತ್ತಿದರೆ ಗಾಡಿ ವೇಗ ಹಿಡಿಯುವ ಮೊದಲೇ ಇಂಜಿನ್ 2,000 ಆರ್‌ಪಿಎಂ ಆಸುಪಾಸಿಗೆ ಜಿಗಿಯುತ್ತದೆ. ಟರ್ಬೊಗೆ ಬೇಕಾಗಿದ್ದೂ ಅದೇ. ಲ್ಯಾಗ್ ಪೂರ್ತಿ ಹೋಗುವುದಿಲ್ಲ, ಆದರೆ ಕಾಡುವುದೂ ಇಲ್ಲ. ಅಂದರೆ ಸೂಪರ್‌ಚಾರ್ಜರ್‌ನ ದೊಡ್ಡ ಲಾಭವೇ ಆಟೋಮ್ಯಾಟಿಕ್‌ನಲ್ಲಿ ಅರ್ಧ ಕರಗುತ್ತದೆ, ಪೆಟ್ರೋಲ್ ಖರ್ಚು ಮಾತ್ರ ಹಾಗೇ ಉಳಿಯುತ್ತದೆ.

ಮರ್ಸಿಡಿಸ್ ಸಿ-ಕ್ಲಾಸ್ ಹಿಂದೆ ಮೊದಲು ‘ಕಂಪ್ರೆಸರ್’ ಅಂತ ಬರೆದಿರುತ್ತಿತ್ತು, ಅದು ಸೂಪರ್‌ಚಾರ್ಜರ್ ಗಾಡಿ. 2009–10ರ ಹೊತ್ತಿಗೆ ಅದೇ 1.8 ಲೀಟರ್ ಇಂಜಿನ್ ವಂಶಕ್ಕೆ ಅವರು ಟರ್ಬೊ ಹಾಕಿದರು. ಆಟೋಮ್ಯಾಟಿಕ್ ಮಾರುವ ಕಂಪನಿಯೇ ದಾರಿ ಬದಲಿಸಿತು ಅಂದಮೇಲೆ ಯೋಚಿಸಿ.

ನಮ್ಮ ಕಡೆಗೆ ಇನ್ನೊಂದು ಲೆಕ್ಕ ಇದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಗೋವಾ ಕರಾವಳಿಗಿಂತ ಶೇಕಡಾ 8–9ರಷ್ಟು ಕಡಿಮೆ. ಬೆಲ್ಟಿಗೆ ಕಟ್ಟಿದ ಸೂಪರ್‌ಚಾರ್ಜರ್ ಆ ನಷ್ಟವನ್ನು ಅನುಭವಿಸಲೇಬೇಕು. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಬಹುಪಾಲು ತುಂಬಿಕೊಳ್ಳುತ್ತದೆ. ರಿಪೇರಿಗೂ ಅಷ್ಟೇ. ಈಗಿನ ಡೀಸೆಲ್ ಗಾಡಿಗಳಿಗೆಲ್ಲ ಟರ್ಬೊ ಇರುವುದರಿಂದ ಅದರ ಕೈಕೆಲಸ ಬಲ್ಲವರು ಸಿಗುತ್ತಾರೆ. ಸೂಪರ್‌ಚಾರ್ಜರ್ ಬಿಚ್ಚಿ ನೋಡಿದವರನ್ನು ಹುಡುಕುತ್ತಾ ಪುಣೆಗೋ ಬೆಂಗಳೂರಿಗೋ ಹೋಗಬೇಕಾದೀತು.

ಹಾಗಾದರೆ ನಿಮ್ಮ ಗಾಡಿಗೆ ಯಾಕೆ ಬೇಡ? ಮೊದಲ ಕಾರಣ ಗೇರ್‌ಬಾಕ್ಸ್. ಅದನ್ನು ಮಾಡಿದ್ದೇ ಆ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ನೋಡಿಕೊಂಡು. ಬೂಸ್ಟ್ ಬಂದರೆ ಒಳಗಿನ ಕ್ಲಚ್ ಪ್ಲೇಟ್ ಜಾರುತ್ತವೆ, ಎಣ್ಣೆ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಮೇಲೆ ಬರುವ ಬಿಲ್ಲಿನ ಮುಂದೆ ಟರ್ಬೊ ಕಿಟ್ ಏನೂ ಅಲ್ಲ. ಟರ್ಬೊ ಇಲ್ಲದ ಇಂಜಿನ್ನಿನ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ) ಕೂಡ ಸಾಮಾನ್ಯವಾಗಿ ಜಾಸ್ತಿ. ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಒತ್ತಿದ ಬಿಸಿ ಗಾಳಿ, ಸಾದಾ ಪೆಟ್ರೋಲ್ ಸೇರಿದರೆ ಇಂಜಿನ್ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಬಡಿಯುವುದು) ಶುರು, ಪಿಸ್ಟನ್ನಿಗೆ ಕುತ್ತು. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇಷ್ಟು ಸಾಕು.

ಹೊಸದು ನೋಡುವುದಾದರೆ ಗೇರ್‌ಬಾಕ್ಸ್ ಯಾವುದು ಅಂತ ಮೊದಲು ಕೇಳಿ, ಬಣ್ಣ ಆಮೇಲೆ. ಮಾರುತಿ ಫ್ರಾಂಕ್ಸ್‌ನ 1.0 ಟರ್ಬೊ, ಮಹೀಂದ್ರದ 3ಎಕ್ಸ್‌ಒ, ಇವುಗಳ ಪೆಟ್ರೋಲ್ ಆಟೋಮ್ಯಾಟಿಕ್ಕಿನಲ್ಲಿ 6 ಗೇರಿನ ಟಾರ್ಕ್ ಕನ್ವರ್ಟರ್ ಬಂದಿದೆ. ನಿಮ್ಮ ಕೆಲಸಕ್ಕೆ ಅದೇ ಸರಿ. ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗದ ಕ್ಲಚ್) ಇರುವ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್, ಬೇಗ ಗೇರ್ ಬದಲಿಸುತ್ತದೆ, ಆದರೆ ಟ್ರಾಫಿಕ್‌ನಲ್ಲಿ ತೆವಳಿದರೆ ಬಿಸಿಯಾಗುತ್ತದೆ. ಎಎಂಟಿ (ಮ್ಯಾನುವಲ್ ಗೇರನ್ನೇ ಯಂತ್ರ ಬದಲಿಸುವಂಥದ್ದು) ಬೇಡವೇ ಬೇಡ, ಓವರ್‌ಟೇಕ್ ನಡುವೆ ಅದು ಉಸಿರು ಬಿಡುವಷ್ಟು ಹೊತ್ತು ನಿಂತುಬಿಡುತ್ತದೆ.

ತಗೊಂಡ ಮೇಲೆ ಇಂಜಿನ್ ಆಯಿಲ್ ವಿಷಯದಲ್ಲಿ ಜಿಪುಣತನ ಮಾಡಬೇಡಿ, ಟರ್ಬೊ ಬೇರಿಂಗ್ ನಿಂತಿರುವುದೇ ಅದರ ಮೇಲೆ. ಜೋರಾಗಿ ಓಡಿಸಿ ಬಂದಾಗ ಅರ್ಧ ನಿಮಿಷ ಸುಮ್ನೆ ಚಾಲೂ ಬಿಟ್ಟು ಆಮೇಲೆ ಬಂದ್ ಮಾಡಿ. ನಿಮ್ಮ ಕಡೆಯ ಧೂಳಿಗೆ ಏರ್ ಫಿಲ್ಟರ್ ಕೂಡ ಕಂಪನಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಿ.