ಡಿವೋರ್ಸ್ ಆದ ಗಂಡ ತೀರಿಕೊಂಡರೆ ಆಸ್ತಿ ಯಾರಿಗೆ?

ಪ್ರಶ್ನೆ: ಇಬ್ಬರ ಒಪ್ಪಿಗೆಯಿಂದ 2017ರಲ್ಲಿ ನಮಗೆ ಡಿವೋರ್ಸ್ ಆಯಿತು. 13 ವರ್ಷದ ಮಗಳು ನನ್ನ ಜೊತೆಗಿದ್ದಾಳೆ. ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೋರ್ಟ್ ಡಿಕ್ರಿಯಲ್ಲಿತ್ತು. ಕೊನೆಯ ಒಂದು ವರ್ಷ ಅವರು ಏನೂ ಕೊಡಲಿಲ್ಲ. ಯುಗಾದಿ ಹೊತ್ತಿಗೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ವಿಲ್ ಬರೆದಿಲ್ಲ. ಎರಡನೇ ಹೆಂಡತಿ ಇದ್ದಾರೆ, ಆಕೆಗೆ ಮಕ್ಕಳಿಲ್ಲ. ಅತ್ತೆಯೂ ಇದ್ದಾರೆ. ಗಂಡನೇ ದುಡಿದು ಕೊಂಡ ಒಂದು ಸೈಟು, ಅಜ್ಜನ ಕಾಲದಿಂದ ಪಾಲಾಗದ ತೆಂಗಿನ ತೋಟ ಇವೆ. ವಿಮೆ ಪಾಲಿಸಿಗೆ ಈಗಲೂ ನಾನೇ ನಾಮಿನಿ. ಮೈದುನ "ನಿಮಗ್ಯಾರಿಗೂ ಏನೂ ಬರಲ್ಲ, ಒಂದು ಸೈನ್ ಹಾಕಿ" ಅನ್ನುತ್ತಿದ್ದಾರೆ.
— ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಸೈನ್ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಿಮ್ಮ ಮೈದುನ ಹೇಳಿದ್ದರಲ್ಲಿ ಅರ್ಧ ನಿಜ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಾಲು ಕೊಡುವುದು ವಿಧವೆಗೆ. ಡಿವೋರ್ಸ್ ಆದವರು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿಮಗಂತ ಪಾಲಿಲ್ಲ. ಆದರೆ ಡಿವೋರ್ಸ್ ಆಗಿದ್ದು ನಿಮಗೆ, ಮಗಳಿಗಲ್ಲ. ಸೈಟಿನಲ್ಲಿ ಅವಳು, ಅವಳ ಅಜ್ಜಿ, ಎರಡನೇ ಹೆಂಡತಿ ಮೂವರಿಗೂ ಸಮಪಾಲು. ತೋಟ ಪಿತ್ರಾರ್ಜಿತ ಅಂತಾದರೆ ಅದರಲ್ಲಿ ಅವಳಿಗೆ ಹುಟ್ಟಿನಿಂದಲೇ ಹಕ್ಕು, ಅಪ್ಪನ ಭಾಗದಲ್ಲೂ ಪಾಲು.

ಡಿವೋರ್ಸ್ ರಾಜಿ ಪತ್ರದಲ್ಲಿ "ಮುಂದೆ ಯಾವ ಹಕ್ಕೂ ಕೇಳುವುದಿಲ್ಲ" ಅಂತ ನೀವು ಬರೆದುಕೊಟ್ಟಿರಬಹುದು. ಅದನ್ನು ತೋರಿಸಿ ಹೆದರಿಸುತ್ತಾರೆ. ಆ ಮಾತು ನಿಮ್ಮನ್ನು ಕಟ್ಟಿಹಾಕಬಹುದು, ಮಗಳ ವಾರಸುದಾರಿಕೆಯನ್ನಲ್ಲ. ಈಗ ಕೇಳುತ್ತಿರುವ ಸೈನ್ ಬಹುಶಃ ಹಕ್ಕು ಬಿಡುಗಡೆ ಪತ್ರಕ್ಕೆ. ಅಪ್ರಾಪ್ತ ಮಗಳ ಪಾಲನ್ನು ಕೋರ್ಟ್ ಅನುಮತಿ ಇಲ್ಲದೆ ಅಮ್ಮ ಬಿಟ್ಟುಕೊಟ್ಟರೆ ಮುಂದೆ ಅವಳೇ ಅದನ್ನು ಪ್ರಶ್ನಿಸಬಹುದು. ಆದರೆ ಯಾಕೆ ಅಷ್ಟು ದೂರ ಹೋಗಬೇಕು, ಅಲ್ವಾ?

ನನಗೆ ಜಾಸ್ತಿ ಚಿಂತೆ ಪೌತಿ ಖಾತೆಯದು, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು. ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟು ನಾಡಕಚೇರಿಗೆ ಕೊಡುವುದು ನಮ್ಮ ಕಡೆ ಹಳೇ ಚಾಳಿ. ಈಗಲೇ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಕರಾರು ಅರ್ಜಿ ಕೊಡಿ. ಅಪ್ಪನ ಹೆಸರಿರುವ ಜನನ ಪ್ರಮಾಣಪತ್ರದ ನಕಲು ಲಗತ್ತಿಸಿ, ಸ್ವೀಕೃತಿ ತಗೊಂಡೇ ಬನ್ನಿ. ಅಕಸ್ಮಾತ್ ಖಾತೆ ಅವರ ಹೆಸರಿಗೆ ಹೋದರೂ ಗಾಬರಿ ಬೇಡ. ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ, ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಬಹುದು.

ಇನ್ನು ಬಾಕಿ ಜೀವನಾಂಶ. ಅವರು ಬದುಕಿದ್ದಾಗಲೇ ಕೊಡಬೇಕಿದ್ದ ಹಣ ಅವರ ಸಾಲವಿದ್ದಂತೆ. ಆಸ್ತಿ ಪಡೆದವರು, ತಮಗೆ ಬಂದ ಆಸ್ತಿಯ ಮಟ್ಟಿಗೆ, ಅದನ್ನು ತೀರಿಸಬೇಕು. ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿ ಮಾಡಿಸಲು ಕೋರುವ ಅರ್ಜಿ) ಹಾಕಿ. ಸತ್ತ ನಂತರದ ತಿಂಗಳುಗಳದ್ದು ಸಾಮಾನ್ಯವಾಗಿ ಸಿಗದು. ಡಿಕ್ರಿಯಲ್ಲಿ ಆಸ್ತಿಯ ಮೇಲೆ ಚಾರ್ಜ್ ಹಾಕಿದ್ದರೆ, ಅಂದರೆ ಈ ಹಣಕ್ಕೆ ಆಸ್ತಿಯನ್ನೇ ಹೊಣೆ ಮಾಡಿದ್ದರೆ, ಮಾತು ಬೇರೆ, ಆ ಪುಟ ಸರಿಯಾಗಿ ಓದಿ.

ವಿಮೆ ಹಣ ನಾಮಿನಿ ಅಂತ ನಿಮ್ಮ ಕೈಗೆ ಬಂದರೂ ಖರ್ಚು ಮಾಡಬೇಡಿ. ನೀವೀಗ ಹೆಂಡತಿಯಲ್ಲವಾದ್ದರಿಂದ ವಾರಸುದಾರರು ಅದನ್ನು ಕೇಳಿಯೇ ಕೇಳುತ್ತಾರೆ. ಅದರಲ್ಲೂ ಮಗಳ ಪಾಲಿದೆ. ನಿಮ್ಮ ತವರಿನ ಒಡವೆ ಆ ಮನೆಯಲ್ಲಿ ಉಳಿದಿದ್ದರೆ ಅದು ಸ್ತ್ರೀಧನ, ಪೂರ್ತಿ ನಿಮ್ಮದೇ.

ವಕೀಲರ ಫೀಸಿಗೆ ಯೋಚನೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಿಪಟೂರು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಡಿಕ್ರಿಯ ದೃಢೀಕೃತ ನಕಲು, ಮರಣ ಪ್ರಮಾಣಪತ್ರ, ತೋಟದ ಪಹಣಿ ಜೊತೆಗಿರಲಿ.