ನಾದ ಸಂವಾದ: ಮೈಕೆಲ್ ಜಾಕ್ಸನ್ ಅವರನ್ನು ಮೆಚ್ಚಿ ಬೆಳೆದವರ ಪ್ರಶ್ನೆಗಳು

ಪಾಪ್ ಸಂಗೀತದ ಅಭಿಮಾನಿಗಳಾಗಿ ಬೆಳೆದ ಓದುಗರು ತಮ್ಮ ಪ್ರಶ್ನೆಗಳನ್ನು ಕಳಿಸಬೇಕೆಂದು ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಮೈಕೆಲ್ ಜಾಕ್ಸನ್ ಅವರನ್ನು ಕುರಿತೇ ಇದ್ದುದರಿಂದ ಈ ಸಲದ ಅಂಕಣವನ್ನು ಅವರಿಗೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಓದಿದ್ದು ಕನ್ನಡ ಶಾಲೆಯಲ್ಲಿ. 1980ರ ದಶಕದ ಕೊನೆಗೆ ಅಣ್ಣನ ಟೇಪ್ ರೆಕಾರ್ಡರಿನಲ್ಲಿ ಜಾಕ್ಸನ್ ಅವರ ಹಾಡು ಕೇಳಿದಂದಿನಿಂದ ಇಂದಿನವರೆಗೂ ನಾನು ಅವರ ಅಭಿಮಾನಿ. ಆದರೆ ಆಗ ಹಾಡಿನ ಒಂದು ಸಾಲೂ ನನಗೆ ಅರ್ಥವಾಗುತ್ತಿರಲಿಲ್ಲ. "ತಿಳಿಯದ ಹಾಡನ್ನು ಮೆಚ್ಚಿದ್ದು ಬರೀ ಶೋಕಿ ಅಲ್ಲವೇನಪ್ಪಾ?" ಎಂದು ಕಾಲೇಜು ಓದುವ ಮಗಳು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಶೋಕಿಯಲ್ಲವೆಂದು ಧೈರ್ಯವಾಗಿ ಹೇಳಿರಿ. ಬೆಳಗಾವಿ, ಧಾರವಾಡದ ಕಡೆ ಹಿಂದುಸ್ತಾನಿ ಗಾಯನಕ್ಕೆ ಅಹೋರಾತ್ರಿ ಕುಳಿತು ಕೇಳುವ ರಸಿಕರಲ್ಲಿ ಬ್ರಜ ಭಾಷೆಯ ಚೀಜಿನ, ಅಂದರೆ ಹಾಡುವ ರಚನೆಯ, ಅರ್ಥವನ್ನು ಪದಪದವಾಗಿ ಬಲ್ಲವರು ಕಡಿಮೆ. ಸ್ವರ ಎಲ್ಲಿ ನಿಂತಿತು, ತಾನ್ ಯಾವ ದಾರಿ ಹಿಡಿದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಕೂಡಿತು ಎಂಬುದನ್ನು ಹಿಡಿದೇ ಅವರು ತಲೆದೂಗುತ್ತಾರೆ, ಮತ್ತು ಅದನ್ನು ಯಾರೂ ಶೋಕಿ ಎನ್ನುವುದಿಲ್ಲ. ನೀವು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಮಾಡಿದ್ದೂ ಅದೇ ಕೆಲಸ.

ಜಾಕ್ಸನ್ ಅವರ ಸಂಗೀತವಂತೂ ಹಾಗೆ ಕೇಳುವವರಿಗೆ ಹೆಚ್ಚು ಒಲಿಯುತ್ತದೆ, ಏಕೆಂದರೆ ಅದು ಹುಟ್ಟುತ್ತಿದ್ದುದೇ ಬಾಯಿಯಲ್ಲಿ. ಅವರು ಸ್ವರಲಿಪಿ ಬರೆದು ಹಾಡು ಕಟ್ಟಿದವರಲ್ಲ. ಮನಸ್ಸಿನಲ್ಲಿ ಕೇಳಿಸಿದ ಡ್ರಮ್ಮಿನ ಪೆಟ್ಟು, ಬೇಸ್ ಗಿಟಾರಿನ ನಡೆ, ತಂತಿವಾದ್ಯಗಳ ಎಳೆ, ಇವೆಲ್ಲವನ್ನೂ ಒಂದೊಂದಾಗಿ ಬಾಯಲ್ಲಿ ನುಡಿದು ಟೇಪಿನಲ್ಲಿ ಹಿಡಿದಿಟ್ಟು, ಆಮೇಲೆ ವಾದಕರಿಗೆ ಕೇಳಿಸುತ್ತಿದ್ದರು. ತಬಲಾ ಕಲಿಯುವ ಹುಡುಗರು ಬೋಲುಗಳನ್ನು ಕೈಗಿಂತ ಮೊದಲು ಬಾಯಿಗೆ ತಂದುಕೊಳ್ಳುವುದನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು.

ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು 1982ರ ನವೆಂಬರಿನಲ್ಲಿ ಬಂದ 'ಥ್ರಿಲ್ಲರ್' ಆಲ್ಬಮ್ಮಿನ 'ಬಿಲಿ ಜೀನ್' ಹಾಡನ್ನು ಕೇಳಿಸಿರಿ. ಮೊದಲು ಡ್ರಮ್ಮು ಒಂದೇ ಬರುತ್ತದೆ. ಅದಕ್ಕೆ ಬೇಸ್ ಗಿಟಾರು ಬಂದು ಸೇರುತ್ತದೆ. ಆಮೇಲೆ ಕೀಬೋರ್ಡಿನ ಸ್ವರಗುಚ್ಛಗಳು ಮೆಲ್ಲಗೆ ಇಣುಕುತ್ತವೆ. ಹಾಡಿನ ಮೊದಲ ಸಾಲು ಬರಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಈ ಪೀಠಿಕೆ ಉದ್ದವಾಯಿತು, ಕತ್ತರಿಸೋಣ ಎಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಹೇಳಿದಾಗ, ನನ್ನ ಕಾಲು ಕುಣಿಯುವುದು ಇಲ್ಲಿಂದಲೇ ಎಂದು ಜಾಕ್ಸನ್ ಒಪ್ಪಲಿಲ್ಲ. ಧ್ವನಿಮುದ್ರಣ ನೋಡಿಕೊಂಡ ಬ್ರೂಸ್ ಸ್ವಿಡಿಯನ್ ಈ ಹಾಡಿನ ದನಿ, ವಾದ್ಯಗಳ ಮಿಶ್ರಣವನ್ನು 91 ಬಾರಿ ಮಾಡಿದರು, ಕೊನೆಗೆ ಎಲ್ಲರೂ ಆರಿಸಿದ್ದು 2ನೆಯದನ್ನು. ಬೇಸ್ ನುಡಿಸಿದ ಲೂಯಿಸ್ ಜಾನ್ಸನ್ ತಮ್ಮಲ್ಲಿದ್ದ ಗಿಟಾರುಗಳನ್ನೆಲ್ಲ ತಂದು ನುಡಿಸಿ ತೋರಿಸಿದ ಮೇಲಷ್ಟೇ ಜಾಕ್ಸನ್ ಒಂದನ್ನು ಒಪ್ಪಿಕೊಂಡರು. ಹಾಡಿನ ನಡುವೆ ಬರುವ ಬಿಕ್ಕಳಿಕೆಯಂಥ ಸದ್ದು, ಉಸಿರನ್ನು ಒಳಗೆಳೆದುಕೊಳ್ಳುವ ಸದ್ದು, ಸಾಲಿನ ಕೊನೆಯಲ್ಲಿ ಚುಚ್ಚಿದಂತೆ ಬರುವ ಕೂಗು, ಇವಕ್ಕೆ ಯಾವ ಭಾಷೆಯಲ್ಲೂ ಅರ್ಥವಿಲ್ಲ; ಇವು ಲಯದ ಭಾಗ. ಇಂಗ್ಲಿಷ್ ಬಲ್ಲವನು ಸಾಹಿತ್ಯದ ಹಿಂದೆ ಹೋಗಿ ಇವನ್ನು ಕೇಳದೆ ಬಿಡುವ ಸಂಭವವಿದೆ. ನೀವು ಬಿಟ್ಟಿರಲಾರಿರಿ ಎಂಬುದು ನನ್ನ ನಂಬಿಕೆ.

ಪ್ರಶ್ನೆ: ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ಕೈ ಮತ್ತು ತುಟಿಯ ಮೇಲೆ ಬಿಳಿ ತೊನ್ನು ಕಾಣಿಸಿಕೊಂಡಿತು. ನಾನು ಜಾಕ್ಸನ್ ಅವರ ಅಭಿಮಾನಿ ಎಂದು ಗೊತ್ತಿದ್ದ ಕೆಲವರು, "ನಿನ್ನ ಹೀರೋ ದುಡ್ಡು ಕೊಟ್ಟು ಬೆಳ್ಳಗಾದ, ನೀನು ಪುಕ್ಕಟೆ ಆದಿ" ಎನ್ನುತ್ತಿದ್ದರು. ಅವರು ಕರಿಯ ಬಣ್ಣವನ್ನು ದ್ವೇಷಿಸಿ ಚರ್ಮ ಬದಲಿಸಿಕೊಂಡರೆಂಬುದು ನಿಜವೇ?
— ಓದುಗಳೊಬ್ಬಳು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ನಿಜವಲ್ಲ, ತಂಗಿ. ಜಾಕ್ಸನ್ ಅವರಿಗೂ ಇದ್ದದ್ದು ತೊನ್ನು. 1993ರ ಫೆಬ್ರವರಿ 10ರಂದು ಅಮೆರಿಕದ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ದೂರದರ್ಶನ ಸಂದರ್ಶನದಲ್ಲಿ, ತಮ್ಮ ಚರ್ಮದ ಬಣ್ಣವನ್ನು ನಾಶಮಾಡುವ ಕಾಯಿಲೆಯೊಂದಿದೆ, ಅದು ತಮ್ಮ ಕೈಯಲ್ಲಿಲ್ಲ ಎಂದು ಅವರು ಹೇಳಿದರು. ತಾನು ಕಪ್ಪು ಅಮೆರಿಕನ್ ಎಂಬುದರ ಬಗ್ಗೆ ತನಗೆ ಹೆಮ್ಮೆಯಿದೆ ಎಂದೂ ಹೇಳಿದರು. ಬಹಳ ಮಂದಿ ನಂಬಲಿಲ್ಲ. 2009ರ ಜೂನ್ 25ರಂದು ಅವರು ತೀರಿಕೊಂಡ ಬಳಿಕ ನಡೆದ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ತೊನ್ನು ಇದ್ದುದು ದಾಖಲಾಗಿದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ನಾಶವಾದಾಗ ಆ ಜಾಗ ಬಿಳುಪಾಗುತ್ತದೆ. ಹೆಚ್ಚಿನವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಕೋಶಗಳ ಮೇಲೆ ತಿರುಗಿಬೀಳುವುದು ಇದಕ್ಕೆ ಕಾರಣ. ಮುಟ್ಟಿದರೆ, ಒಟ್ಟಿಗೆ ಉಂಡರೆ ಇದು ಯಾರಿಗೂ ಹರಡುವುದಿಲ್ಲ, ಮತ್ತು ಇದಕ್ಕೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಜಾಕ್ಸನ್ ಅವರು ಮೊದಮೊದಲು ಬಿಳಿ ಕಲೆಗಳ ಮೇಲೆ ಕಪ್ಪು ಬಣ್ಣದ ಪ್ರಸಾಧನ ಹಚ್ಚಿ ಮುಚ್ಚುತ್ತಿದ್ದರು. ಕಲೆಗಳು ಹರಡಿದಂತೆ, ಉಳಿದ ಭಾಗಕ್ಕೆ ತಿಳಿ ಬಣ್ಣ ಹಚ್ಚಿ ಎಲ್ಲವನ್ನೂ ಒಂದೇ ಆಗಿಸುವುದು ಅವರಿಗೆ ಅನಿವಾರ್ಯವಾಯಿತು. ಹಲವು ವರ್ಷ ಕ್ಯಾಮೆರಾಗಳ ಮುಂದೆ ಅವರು ಈ ಭಾರವನ್ನು ಹೊತ್ತು ಕುಣಿದರು ಎಂಬುದನ್ನು ನೆನೆದಾಗ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ನಮ್ಮಲ್ಲಿ ತೊನ್ನಿನ ಹೆಸರಿನಲ್ಲಿ ಹೆಣ್ಣುಮಕ್ಕಳ ಸಂಬಂಧಗಳು ಮುರಿದುಬೀಳುತ್ತವೆ, ಪಂಕ್ತಿಯಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ನಿಮ್ಮನ್ನು ಆಡಿಕೊಂಡವರು ಆ ಕ್ರೌರ್ಯವನ್ನೇ ಆಡಿದ್ದಾರೆ, ಮತ್ತು ಅದಕ್ಕೆ ಒಬ್ಬ ಗಾಯಕನ ಹೆಸರನ್ನು ಬಳಸಿಕೊಂಡಿದ್ದಾರೆ. ಪ್ರತಿವರ್ಷ ಜೂನ್ 25ನ್ನು ವಿಶ್ವ ತೊನ್ನು ದಿನವೆಂದು ಆಚರಿಸುತ್ತಾರೆ; ಆ ದಿನವನ್ನು ಆರಿಸಿದ್ದು ಜಾಕ್ಸನ್ ಅವರ ನೆನಪಿಗಾಗಿಯೇ. ಚರ್ಮರೋಗ ತಜ್ಞರಲ್ಲಿ ಔಷಧವೂ ಬೆಳಕಿನ ಚಿಕಿತ್ಸೆಯೂ ಇವೆ, ಕೆಲವರಿಗೆ ಒಳ್ಳೆಯ ಗುಣ ಕಾಣುತ್ತದೆ. ಹೋಗಿ ತೋರಿಸಿರಿ, ತೋರಿಸದೆ ಹಾಗೆಯೇ ಇರುವುದೂ ನಿಮ್ಮ ಹಕ್ಕು.

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿರುವ ನನ್ನ ಮಗಳಿಗೆ ಕೊರಿಯಾದ ಬಿಟಿಎಸ್ ತಂಡದ ಹುಚ್ಚು. ಅವರಂತೆ ಕೂದಲು, ಅವರಂತೆ ಕುಣಿತ, ಅವರ ಭಾಷೆಯ ಅಕ್ಷರಗಳನ್ನೂ ಕಲಿತಿದ್ದಾಳೆ. ನನ್ನ ತಮ್ಮ ಹಿಂದೆ ಜಾಕ್ಸನ್ ಎಂದು ಹೀಗೆಯೇ ಕುಣಿಯುತ್ತಿದ್ದ. ಅನುಕರಣೆಯಲ್ಲಿ ಮಕ್ಕಳು ತಮ್ಮತನ ಕಳೆದುಕೊಳ್ಳುವುದಿಲ್ಲವೇ?
— ತಾಯಿಯೊಬ್ಬರು, ವಿಜಯಪುರ

ಉತ್ತರ: ಅನುಕರಣೆಗೆ ಅಂಜಬೇಡಿರಿ, ತಾಯಿ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಗ್ರಾಮೊಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಗಾಯಕರ ಹಾಡಿಕೆಯನ್ನು ಇದ್ದ ಹಾಗೆಯೇ ಹಾಡಿ ದೊಡ್ಡವರನ್ನು ಬೆರಗುಗೊಳಿಸುತ್ತಿದ್ದ. ಆಮೇಲೆ ಮುಂಬಯಿಯಲ್ಲಿ ಬಿ.ಆರ್. ದೇವಧರ ಅವರಲ್ಲಿ ಕಲಿತು, ಮಾಳವದ ಜನಪದ ಹಾಡುಗಳನ್ನೂ ಕಬೀರರ ನಿರ್ಗುಣ ಪದಗಳನ್ನೂ ತನ್ನದೇ ದನಿಯಲ್ಲಿ ಹಾಡಿದ ಆತನನ್ನು ನಾಡು ಕುಮಾರ ಗಂಧರ್ವ ಎಂದು ಬಲ್ಲದು. ಯಾರನ್ನೂ ಹೋಲದ ಆ ಗಾಯನದ ಬುಡದಲ್ಲಿ ಅಷ್ಟು ನಿಷ್ಠೆಯ ಅನುಕರಣೆಯಿತ್ತು.

ಜಾಕ್ಸನ್ ಅವರೂ ಅಭಿಮಾನಿಯಾಗಿಯೇ ಬೆಳೆದವರು. 1968ರಲ್ಲಿ ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಪರೀಕ್ಷೆಗಾಗಿ ಚಿತ್ರೀಕರಿಸಿದ ತುಣುಕೊಂದಿದೆ: ಇನ್ನೂ ಹತ್ತು ತುಂಬದ ಬಾಲಕ ಜಾಕ್ಸನ್, ಹಿರಿಯ ಗಾಯಕ ಜೇಮ್ಸ್ ಬ್ರೌನ್ ಅವರ ಹಾಡನ್ನು ಅವರದೇ ಹೆಜ್ಜೆ, ಅವರದೇ ತಿರುವುಗಳೊಂದಿಗೆ ಹಾಡುತ್ತಾನೆ. ಮುಂದೆ ನಡೆದಂತೆ ತೋರುತ್ತ ಹಿಂದಕ್ಕೆ ಜಾರುವ, ನಮ್ಮವರು ಜಾಕ್ಸನ್ ಹೆಜ್ಜೆಯೆಂದೇ ಕರೆಯುವ ಮೂನ್‌ವಾಕ್ ಕೂಡ ಅವರು ಕಂಡುಹಿಡಿದದ್ದಲ್ಲ. ಬೀದಿ ಬದಿಯಲ್ಲಿ ಕುಣಿಯುವ ಕಪ್ಪು ಹುಡುಗರಿಂದ ಅದು ಬಂತೆಂದು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. 1983ರ ಮೋಟೌನ್ ಕಾರ್ಯಕ್ರಮದಲ್ಲಿ ಕೆಲವೇ ಕ್ಷಣ ಅದನ್ನು ಮಾಡಿ ತೋರಿಸಿ ಜಗತ್ತಿಗೆ ಕೊಟ್ಟರು.

ನಿಮ್ಮ ತಮ್ಮನ ಕಾಲದಲ್ಲಿ ನಮ್ಮ ಕಾಲೇಜುಗಳ ಗ್ಯಾದರಿಂಗಿನಲ್ಲಿ ಈ ಹೆಜ್ಜೆಗಾಗಿ ನಡೆಯುತ್ತಿದ್ದ ಸಿದ್ಧತೆಯನ್ನು ಹತ್ತಿರದಿಂದ ಕಂಡಿದ್ದೇನೆ. ವೇದಿಕೆಯ ಮೇಲೆ ಜಮಖಾನೆ ಹಾಸಿದ್ದರೆ ಕಾಲು ಜಾರದು. ಹುಡುಗರು ಪ್ರಾಧ್ಯಾಪಕರನ್ನು ಕಾಡಿಬೇಡಿ ಜಮಖಾನೆ ತೆಗೆಸಿ, ಹಲಗೆಯ ಮೇಲೆ ಕೇರಂ ಪೌಡರ್ ಉದುರಿಸಿ, ಮತ್ತೆ ಮತ್ತೆ ಜಾರಿ ನೋಡುತ್ತಿದ್ದರು. ಹಿಮ್ಮಡಿ ಎತ್ತಿದ ಕಾಲಿನ ತುದಿಯ ಮೇಲೆ ಮೈಭಾರವನ್ನೆಲ್ಲ ಹಾಕಿ, ನೆಲಕ್ಕೆ ಚಪ್ಪಟೆಯಾಗಿ ಕೂತ ಇನ್ನೊಂದು ಕಾಲನ್ನು ಹಿಂದಕ್ಕೆ ಎಳೆಯಬೇಕು. ಎಳೆದು ಮುಗಿದ ಕ್ಷಣವೇ ಆ ಕಾಲಿನ ಹಿಮ್ಮಡಿ ಮೇಲೇಳಬೇಕು, ಮೊದಲಿನದು ಕೆಳಗಿಳಿಯಬೇಕು. ಭಾರ ಬದಲಾಗುವುದು ನೋಡುವವರಿಗೆ ಕಾಣಬಾರದು, ತಲೆ ಮೇಲೆ ಕೆಳಗೆ ಆಗಬಾರದು. ಇದನ್ನು ಕಲಿತ ಹುಡುಗ ತನ್ನ ದೇಹದ ತೂಕ ಎಲ್ಲಿದೆ ಎಂಬುದನ್ನು ಕಲಿಯುತ್ತಾನೆ, ಮತ್ತು ಆ ತಿಳಿವಳಿಕೆ ಯಾವ ನೃತ್ಯಕ್ಕೂ ಒದಗುತ್ತದೆ. ನಿಮ್ಮ ಮಗಳ ಕುಣಿತವನ್ನೂ ಒಮ್ಮೆ ಈ ಕಣ್ಣಿನಿಂದ ನೋಡಿರಿ.

ಹೊಸ ಲಿಪಿಯೊಂದನ್ನು ಯಾರೂ ಹೇಳದೆ ಕಲಿತವಳಿಗೆ ಕಲಿಕೆಯ ಹಸಿವಿದೆ. ಬಿಟಿಎಸ್ 2013ರಲ್ಲಿ ಮೊದಲ ಹಾಡು ಹೊರತಂದ ಏಳು ಜನರ ತಂಡ. ಜನರ ಮುಂದೆ ಬರುವ ಮೊದಲು ಆ ಹುಡುಗರು ಕಠಿಣ ತರಬೇತಿ ಪಡೆದವರು. ಆ ಭಾಗವನ್ನೂ ಮಗಳು ಓದಲಿ. ಫೋಟೊ ಕಾರ್ಡು, ಸಾಮಾನು ಎಂದು ಹಣ ಕೇಳಿದರೆ ತಿಂಗಳಿಗೆ ಇಷ್ಟೇ ಎಂದು ಗೆರೆ ಎಳೆಯಿರಿ, ರಾತ್ರಿ ಮಲಗುವ ಹೊತ್ತಿಗೆ ಫೋನು ನಿಮ್ಮ ಬಳಿ ಇರಲಿ. ಅಷ್ಟು ಸಾಕು.

ಪ್ರಶ್ನೆ: ಜಾಕ್ಸನ್ ಅವರ ಮೇಲೆ ಮಕ್ಕಳ ವಿಷಯದಲ್ಲಿ ಗಂಭೀರ ಆರೋಪಗಳಿದ್ದವು. ಶಿಕ್ಷಕನಾದ ನಾನು ಇನ್ನೂ ಅವರ ಹಾಡುಗಳನ್ನು ಕೇಳುವುದು ಸರಿಯೇ?
— ಶಿಕ್ಷಕರೊಬ್ಬರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ನಡೆದದ್ದನ್ನು ಮೊದಲು ಹೇಳುತ್ತೇನೆ. 1993ರಲ್ಲಿ ಬಾಲಕನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಬಂತು, ಜಾಕ್ಸನ್ ನಿರಾಕರಿಸಿದರು, 1994ರಲ್ಲಿ ಸಿವಿಲ್ ದಾವೆ ಹಣ ಕೊಟ್ಟು ರಾಜಿಯಾಯಿತು. ಮತ್ತೊಂದು ಪ್ರಕರಣದ ಕ್ರಿಮಿನಲ್ ವಿಚಾರಣೆಯಲ್ಲಿ 2005ರ ಜೂನ್ 13ರಂದು ಜ್ಯೂರಿ ಅವರನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. 2019ರ ಸಾಕ್ಷ್ಯಚಿತ್ರವೊಂದರಲ್ಲಿ ಇಬ್ಬರು, ಬಾಲ್ಯದಲ್ಲಿ ತಮ್ಮ ಮೇಲೆ ದೌರ್ಜನ್ಯ ನಡೆಯಿತೆಂದು ಹೇಳಿದರು. ಜಾಕ್ಸನ್ ಅವರ ಆಸ್ತಿಯ ಹೊಣೆ ಹೊತ್ತವರು ಅದನ್ನು ಅಲ್ಲಗಳೆದಿದ್ದಾರೆ.

ಕ್ಯಾಸೆಟ್ ಕೇಳಿ ಬೆಳೆದ ನಾವು ಆ ಮನೆಯೊಳಗಿನ ಸಾಕ್ಷಿಗಳಲ್ಲ. ಹಾಡು ಇಂಪಾಗಿದೆ ಎಂಬುದು ಅವರು ನಿರ್ದೋಷಿ ಎಂಬುದಕ್ಕೆ ಪುರಾವೆಯಾಗದು. ಆರೋಪ ಮಾಡಿದವರನ್ನು ಹೀನಾಯವಾಗಿ ಬೈಯುವ ಅಭಿಮಾನಿಗಳನ್ನು ನಾನು ಒಪ್ಪುವುದಿಲ್ಲ. ದೂರು ಹೇಳಲು ಬಂದ ಮಗುವಿನ ಬಾಯಿ ಮುಚ್ಚಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ. ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನ್ಯಾಯಾಲಯ ಬಿಡುಗಡೆ ಮಾಡಿದ ಮನುಷ್ಯನನ್ನು ಅಪರಾಧಿ ಎಂದು ಕರೆಯುವ ಅಧಿಕಾರವೂ ನಮಗಿಲ್ಲ. ಹಾಡುಗಳನ್ನು ನಾನು ಇಂದಿಗೂ ಕೇಳುತ್ತೇನೆ. ಆ ಕ್ವಿನ್ಸಿ ಜೋನ್ಸ್, ಆ ಲೂಯಿಸ್ ಜಾನ್ಸನ್, ಹಾಡು ಬರೆದುಕೊಟ್ಟ ರಾಡ್ ಟೆಂಪರ್ಟನ್ ಮೊದಲಾದವರ ದುಡಿಮೆಯೂ ಅವುಗಳಲ್ಲಿದೆ. ಕೇಳಲು ಮನಸ್ಸು ಒಪ್ಪದವರಿಗೆ ಹಾಗೆ ಅನ್ನಿಸಲು ಸಕಾರಣವಿದೆ ಎಂದೂ ತಿಳಿದಿದ್ದೇನೆ. ಅವರೊಡನೆ ವಾದಕ್ಕಿಳಿಯುವುದಿಲ್ಲ.

ಪ್ರಶ್ನೆ: ಜಾಕ್ಸನ್ ಭಾರತಕ್ಕೆ ಬಂದಿದ್ದರೇ? ಅವರನ್ನು ಈಗ ಮೊದಲ ಸಲ ಕೇಳುವ ನನ್ನಂಥವನು ಎಲ್ಲಿಂದ ಪ್ರಾರಂಭಿಸಬೇಕು?
— ವಿದ್ಯಾರ್ಥಿ, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: 1996ರ ನವೆಂಬರ್ 1ರಂದು ಮುಂಬಯಿಯ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಹಾಡಿದರು. ಬೆಳಗಾವಿಯಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರವಾದರೂ ಟಿಕೀಟಿನ ಬೆಲೆ ನಮ್ಮ ಕಡೆಯ ಹೆಚ್ಚಿನ ಹುಡುಗರ ಕೈಗೆಟುಕುವಂತಿರಲಿಲ್ಲ.

ಕೇಳುವುದನ್ನು ವಯಸ್ಸಿನ ಕ್ರಮದಲ್ಲಿ ಆರಂಭಿಸಿರಿ. ಮೊದಲು 1969ರಲ್ಲಿ ಅಣ್ಣಂದಿರೊಂದಿಗೆ ಹಾಡಿದ 'ಐ ವಾಂಟ್ ಯೂ ಬ್ಯಾಕ್'. ಆಗ ಅವರಿಗೆ 11 ವರ್ಷ, ದನಿಯಲ್ಲಿ ಅಂಜಿಕೆಯ ಸುಳಿವೂ ಇಲ್ಲ. ಆಮೇಲೆ 1979ರ 'ಆಫ್ ದ ವಾಲ್'. ಕ್ವಿನ್ಸಿ ಜೋನ್ಸ್ ಅವರೊಡನೆ ಮಾಡಿದ ಮೊದಲ ಆಲ್ಬಂ ಅದು, ಮತ್ತು ನನ್ನ ಮಟ್ಟಿಗೆ ಅವರು ಅತ್ಯಂತ ಸಂತೋಷದಿಂದ ಹಾಡಿದ್ದೂ ಅದರಲ್ಲೇ. 'ಥ್ರಿಲ್ಲರ್' ಅದಾದ ಮೇಲೆ ಬರಲಿ. ಫೋನಿನ ಸ್ಪೀಕರಿನಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು, ಮೊದಲ ಸಲ ಬೇಸ್ ಗಿಟಾರನ್ನಷ್ಟೇ ಹಿಂಬಾಲಿಸಿರಿ, ಎರಡನೆಯ ಸಲ ದನಿಯನ್ನು.