ಪಾಸ್ಟರ್‌ಗೆ ಅಷ್ಟು ಮಾತು ಬೇಡ

ಬೀದರಿನಿಂದ ಕಥೆ ಕಳಿಸಿದ ತಂಗಿಗೆ,

ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ. ಕಲಬುರಗಿಯ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿರುವ ರಿಟೈರ್ಡ್ ಮಾಸ್ತರ, ತೊಗರಿ ಹೊಲ ಒತ್ತೆ ಇಟ್ಟು ಬಿಲ್ ಕಟ್ಟುವ ಮಗ, ಐಸಿಯು ಬಾಗಿಲಲ್ಲಿ ಚಾಪೆ ಹಾಸಿದ ಹೆಂಡತಿ. ಕಥೆಗೆ ಇಷ್ಟು ಸಾಕಿತ್ತು. ಮೂರನೇ ಪುಟದಲ್ಲಿ ಆಕೆ, “ಈ ಉಸರು ದೇವರದೋ, ಮಷೀನಿಂದೋ?” ಅಂತ ಕೇಳುತ್ತಾಳೆ. ನಾನು ಚಹಾ ಕಪ್ ಕೆಳಗಿಟ್ಟೆ. ಮರುಸಾಲಿನಲ್ಲೇ ಪಾಸ್ಟರ್ ಬಂದು ಒಂದೂವರೆ ಪುಟ ಉತ್ತರ ಕೊಟ್ಟುಬಿಟ್ಟರು!

ಕ್ರೈಸ್ತರಲ್ಲದವರೂ ಓದಿ ಯೋಚಿಸಬೇಕು ಅಂತ ಪತ್ರದಲ್ಲಿ ಬರೆದಿದ್ದೀರಿ. ಆಳಂದದ ರೈತನೂ ಹುಮನಾಬಾದಿನ ಮುಸ್ಲಿಂ ಟೀಚರೂ ಅದೇ ಬಾಗಿಲಲ್ಲಿ ಚಾಪೆ ಹಾಸಿದವರೇ. ಆ ತಾಯಿಯ ಪ್ರಶ್ನೆ ಅವರದೂ ಹೌದು. ಪಾಸ್ಟರ್ ಬಾಯಿ ತೆರೆದದ್ದೇ ಅವರು ಎದ್ದು ಹೋಗುತ್ತಾರೆ. ನಂಬಿಕೆಯನ್ನು ತೆಗೆಯಿರಿ ಅಂತಿಲ್ಲ. ಆಕೆ ಗಂಡನ ಅಂಗಾಲಿಗೆ ಎಣ್ಣೆ ತಿಕ್ಕುತ್ತ ಕೀರ್ತನೆ ಗುನುಗುತ್ತಾಳಲ್ಲ, ಅದನ್ನು ಮುಟ್ಟಬೇಡಿ.

ಅಂದಹಾಗೆ, ನಿಮ್ಮದು ಮೆಥಡಿಸ್ಟ್ ಸಭೆ. ಅಲ್ಲಿ ‘ಫಾದರ್’ ಎಲ್ಲಿಂದ ಬಂದರು, ‘ಬಲಿಪೂಜೆ’ ಯಾಕೆ? ಎರಡೂ ಕ್ಯಾಥೊಲಿಕರ ಮಾತು. ನಿಮ್ಮ ಪಾಸ್ಟರ್ ಹೇಳುವ ‘ಅಸಾಧಾರಣ ಚಿಕಿತ್ಸೆ (ಮಷೀನಿನಂಥದ್ದು) ಮುಂದುವರಿಸಲೇಬೇಕೆಂಬ ಕಡ್ಡಾಯವಿಲ್ಲ’ ಎಂಬ ಮಾತನ್ನು 1957ರಲ್ಲಿ ಹೇಳಿದವರು ಕ್ಯಾಥೊಲಿಕರ ಪೋಪ್ 12ನೇ ಪಯಸ್. ಬೀದರಿನ ಮೆಥಡಿಸ್ಟ್ ಪಾಸ್ಟರ್ ನಾಲಿಗೆಗೆ ಅದು ಅಷ್ಟು ಸಲೀಸಾಗಿ ಬರುತ್ತದೆಯೇ?

ರೋಗಿಯನ್ನು ಒಂದು ಕಡೆ ಕೋಮಾದಲ್ಲಿದ್ದಾರೆ ಎನ್ನುತ್ತೀರಿ, ಇನ್ನೊಂದು ಕಡೆ ಮಿದುಳು ಸತ್ತಿದೆ ಎನ್ನುತ್ತೀರಿ. ಮಿದುಳುಕಾಂಡ, ಅಂದರೆ ಉಸಿರಾಟ ನಡೆಸುವ ಮಿದುಳಿನ ಬುಡ, ಸತ್ತರೆ 1994ರ ಅಂಗಾಂಗ ಕಸಿ ಕಾಯ್ದೆಯ ಲೆಕ್ಕದಲ್ಲಿ ಅದು ಸಾವೇ. ಆಗ ತಾಯಿಯ ಪ್ರಶ್ನೆಯ ಅರ್ಥವೇ ಬೇರೆ. ಕೋಮಾ ಇಟ್ಟುಕೊಳ್ಳಿ.

ವೆಂಟಿಲೇಟರ್ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ ಎಂದು ನಿಮ್ಮ ಕಥೆಯ ವಕೀಲ ಹೇಳುವುದೂ ತಪ್ಪು. ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಬಿಟ್ಟಿತು, 2023ರಲ್ಲಿ ಕ್ರಮ ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರಂತೆ ಆದೇಶ ಹೊರಡಿಸಿದೆ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ನೋಡಬೇಕು, ಮನೆಯವರು ಒಪ್ಪಬೇಕು. ಹಾಗಿದ್ದ ಮೇಲೆ ನಿಮ್ಮ ಡಾಕ್ಟರ್ ಒಬ್ಬನೇ ಸ್ವಿಚ್ ಹತ್ತಿರ ಕೈ ಚಾಚುವ ದೃಶ್ಯ ಸಿನಿಮಾದ್ದು. ಅವನನ್ನು ಕಟುಕ ಮಾಡಬೇಡಿ. ರಾತ್ರಿ ಎರಡಕ್ಕೆ ಅವನೂ ನಿದ್ದೆಗೆಟ್ಟವನೇ.

ಸುಪ್ರೀಂ ಕೋರ್ಟಿನ ಇದೇ ನಿಯಮಗಳಲ್ಲಿ ನಿಮಗೊಂದು ಕಥೆ ಅಡಗಿದೆ. ಬದುಕಿದ್ದಾಗಲೇ ‘ನನಗೆ ಮಷೀನ್ ಬೇಡ’ ಎಂದು ಬರೆದಿಡಬಹುದು: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು. ಮಾಸ್ತರ ಹಾಗೆ ಬರೆದಿಟ್ಟಿದ್ದರೆ? ಸಾಕ್ಷಿಗಳಲ್ಲಿ ಒಬ್ಬರು ಈ ಪಾಸ್ಟರೇ ಆಗಿ, ಇವತ್ತು ತಾಯಿಯ ಮುಖ ನೋಡಿ ಕಾಗದದ ಮಾತೆತ್ತಲು ಹೆದರುತ್ತಿದ್ದರೆ? ಆಗ ಒಂದೂವರೆ ಪುಟದ ಜಾಗದಲ್ಲಿ ಅವರು ಸುಮ್ಮನೆ ನಿಂತಿರಲಿ.

ಮಗ ಮೈಸೂರಿನ ಕನ್ನಡ ಮಾತಾಡುವುದನ್ನೂ ನಿಲ್ಲಿಸಿ. ಬೀದರಿನ ಹುಡುಗ “ಏನ್ ಮಾಡ್ಲತ್ತೀರಿ” ಅನ್ನಲಿ.

ತಿದ್ದಿ ಕಳಿಸಿ, ಅವಸರವಿಲ್ಲ. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿಮ್ಮ,
ಸಂಪಾದಕ, ಕಲಬುರಗಿ